ಕ್ಯಾಂಪಿನಿಂದ ಮನೆಗೆ ಬಂದ ತಟ್ಟೆ ಪಾಳಿ

ಏಪ್ರಿಲ್ ಬಂದರೆ ನಮ್ಮ ಚರ್ಚಿನ ಸಭೆಯಲ್ಲಿ ಪ್ರಕಟಣೆ ಓದುವಾಗ ಎರಡು ವಿಷಯ ಒಟ್ಟಿಗೆ ಬರುತ್ತವೆ. ಒಂದು ವಿ.ಬಿ.ಎಸ್., ಅಂದರೆ ಮಕ್ಕಳ ರಜೆಯ ಬೈಬಲ್ ಶಾಲೆ, ಇನ್ನೊಂದು ಸಮ್ಮರ್ ಕ್ಯಾಂಪ್. ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ. ವಿ.ಬಿ.ಎಸ್. ನಡೆಯೋದು ದೇವಾಲಯದ ಆವರಣದಲ್ಲೇ, ಬೆಳಿಗ್ಗೆ ಹೊತ್ತು. ಹಾಡು, ಬೈಬಲ್ ಕಥೆ, ಬಣ್ಣ ಹಚ್ಚೋದು, ಕೊನೆಗೆ ಬಿಸ್ಕತ್ತು, ಜ್ಯೂಸು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಮನೆಯಲ್ಲಿರುತ್ತಾರೆ. ಕ್ಯಾಂಪ್ ಹಾಗಲ್ಲ. ಬೆಡ್‌ಶೀಟು ಸುತ್ತಿಕೊಂಡು, ತಟ್ಟೆ ಲೋಟ ಹಿಡಿದುಕೊಂಡು, ಅಪ್ಪ ಅಮ್ಮನ್ನ ಬಿಟ್ಟು ಹೋಗಿ ಅಲ್ಲೇ ಮಲಗೋದು.

ಕಳೆದ ಬೇಸಿಗೆ ನಮ್ಮ ಇಬ್ಬರು ಮಕ್ಕಳೂ ಕ್ಯಾಂಪಿಗೆ ಹೋದರು, ಜೊತೆಗೆ ನಾನೂ ಹೋದೆ. ಆಮೇಲೆ ಮನೆಯಲ್ಲಿ ಏನೇನಾಯ್ತು ಅಂತ ಸಭೆಯಲ್ಲಿ ಇಬ್ಬರು ಮೂವರು ಕೇಳಿದರು. 'ಕಳಿಸಬಹುದಾ, ಬದಲಾಗ್ತಾರಾ?' ಅನ್ನೋದೇ ಎಲ್ಲರ ಪ್ರಶ್ನೆ. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಹೇಳೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ. ನಾನು ಹುಟ್ಟಿದ್ದು ಮಾತ್ರ ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ, 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆಯಲ್ಲ, ಅಲ್ಲಿ. ನಮ್ಮ ತಾಯಿ ಮನೆಯವರು ಮೂರು ತಲೆಮಾರಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮನೆಯಲ್ಲಿ ಟೈಲರಿಂಗ್ ಮಾಡುತ್ತೇನೆ. ನಮ್ಮನೆಯವರದ್ದು ಕಾರ್ಖಾನೆ ಕೆಲಸ, ಶಿಫ್ಟು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗಳು ಆಗ ಎಂಟನೇ ಕ್ಲಾಸು ಮುಗಿಸಿದ್ದಳು, ಚಿಕ್ಕವನು ನಾಲ್ಕನೇದು. ಬಾಗಿಲ ಮೇಲೆ 'ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು' ಅಂತ ಬೋರ್ಡು ಇದೆ, ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದು. ಕ್ರೈಸ್ತರ ಮನೆಗಳಲ್ಲಿ ಈ ಬೋರ್ಡು ಇಲ್ಲದ ಮನೆ ಹುಡುಕೋದೇ ಕಷ್ಟ. ಒಳಗೆ ನಮ್ಮ ಮನೆಯೂ ಎಲ್ಲರ ಮನೆ ತರಾನೇ. ಭಾನುವಾರ ದೇವಾಲಯ, ಊಟಕ್ಕೆ ಮುಂಚೆ ನಾಲ್ಕು ಮಾತಿನ ಪ್ರಾರ್ಥನೆ, ಪರೀಕ್ಷೆ ಬಂದಾಗ ಸ್ವಲ್ಪ ಉದ್ದದ ಪ್ರಾರ್ಥನೆ.

ಮಗಳು ಮೊದಲು ಒಪ್ಪಲಿಲ್ಲ. ಫೋನ್ ತರಬಾರದು ಅಂತ ಫಾರಮ್ಮಿನಲ್ಲೇ ದಪ್ಪ ಅಕ್ಷರದಲ್ಲಿತ್ತು. 'ಅಮ್ಮ, ಅಲ್ಲಿ ಏನ್ ಮಾಡ್ಲಿ ನಾನು? ಸುಮ್ನೆ ಕೂತ್ಕೊಳ್ಳೋದಾ?' ಅಂತ ರಾಗ ಎಳೆದಳು. ಚಿಕ್ಕವನು ಆಟ ಇದೆ ಅಂದ ಕೂಡಲೇ ಬ್ಯಾಗು ತಂದ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, 'ಕಳ್ಸು, ಎರಡು ದಿನ ಮನೆ ತಣ್ಣಗಿರ್ಲಿ' ಅಂದರು.

ಫಾರಮ್ಮಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು. ಮಗುವಿಗೆ ಯಾವ ಔಷಧಿ ಆಗಲ್ಲ, ಉಬ್ಬಸ ಇದೆಯಾ, ಫಿಟ್ಸ್ ಬಂದಿತ್ತಾ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಎಲ್ಲ ಕೇಳಿದ್ದರು. ಹೆಣ್ಣುಮಕ್ಕಳ ರೂಮಿಗೆ ಹೆಂಗಸರೇ ಲೀಡರು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಇರುವ ಹಾಗಿಲ್ಲ. 2012ರಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಪೋಕ್ಸೋ ಕಾಯ್ದೆ ಬಂತಲ್ಲ, ಅದರ ಬಗ್ಗೆ ಲೀಡರುಗಳಿಗೆ ಒಂದು ದಿನ ಕ್ಲಾಸು ಬೇರೆ ಇಟ್ಟಿದ್ದರಂತೆ. ದೇವರ ಹೆಸರಿನಲ್ಲಿ ನಡೆಯೋ ಕ್ಯಾಂಪಿಗೆ ಇದೆಲ್ಲ ಯಾಕೆ ಅಂತ ಒಬ್ಬರು ಹಿರಿಯರು ಗೊಣಗಿದರು. ದೇವರ ಹೆಸರಿನಲ್ಲಿ ನಡೆಯೋದಕ್ಕೇ ಜಾಸ್ತಿ ಬೇಕು ಅನ್ನೋದು ನನ್ನ ಅಭಿಪ್ರಾಯ. ನೀವೂ ಕಳಿಸೋದಾದರೆ ಮೊದಲು ಇದನ್ನೇ ಕೇಳಿ. ಹಾಡು ಕಥೆ ಎಲ್ಲ ಆಮೇಲೆ.

ಫಾರಮ್ ಕೊಡಲು ಹೋದಾಗ ಪಾಸ್ಟರಮ್ಮ ಹಿಡಿದುಕೊಂಡರು. ಅಡುಗೆಗೆ ಜನ ಸಾಲದು, ನೀವೂ ಬಂದುಬಿಡಿ ಅಂತ. ಮದುವೆ ಸೀಸನ್ನು, ಬ್ಲೌಸುಗಳು ರಾಶಿ ಬಿದ್ದಿದ್ದವು. ಆದರೂ ಹೂಂ ಅಂದೆ. ಭಕ್ತಿ ಗಿಕ್ತಿ ಏನಿಲ್ಲ, ಚಿಕ್ಕವನು ರಾತ್ರಿ ಅಳ್ತಾನೇನೋ ಅಂತ.

ಬೆಳಗಿನ ಪ್ಯಾಸೆಂಜರ್ ಟ್ರೈನಿನಲ್ಲಿ ಹೊರಟೆವು. ಎಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು. ಅಲ್ಲಿಂದ ವ್ಯಾನಿನಲ್ಲಿ ಊರ ಹೊರಗಿನ ಒಂದು ಧ್ಯಾನ ಕೇಂದ್ರಕ್ಕೆ. ಮಾವಿನ ಮರಗಳು, ಎರಡು ಉದ್ದನೆ ಹಾಲು, ಹಿಂದೆ ಶೀಟು ಹಾಕಿದ ಅಡುಗೆ ಮನೆ. ಫ್ಯಾನ್ ಇತ್ತು, ಕರೆಂಟು ಮಾತ್ರ ಅದಕ್ಕೆ ಮನಸ್ಸು ಬಂದಾಗ.

ದಿನದ ವೇಳಾಪಟ್ಟಿ ಗೋಡೆಗೆ ಅಂಟಿಸಿದ್ದರು. ಐದೂವರೆಗೆ ಗಂಟೆ. ಸ್ನಾನಕ್ಕೆ ಸಾಲು. ಆರೂವರೆಗೆ ಕ್ವಯಟ್ ಟೈಮ್. ಪ್ರತಿ ಮಗುವೂ ಒಂದೊಂದು ಮರದ ಕೆಳಗೆ ಒಂಟಿಯಾಗಿ ಕೂತು ಬೈಬಲ್ಲಿನ ಒಂದು ಭಾಗ ಓದಿ, ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆಯಬೇಕು. ಆಮೇಲೆ ತಿಂಡಿ, ಹಾಡು, ಪಾಠ, ಗುಂಪಿನಲ್ಲಿ ಮಾತು, ಕಂಠಪಾಠ ವಾಕ್ಯ, ಊಟ, ಮಲಗೋದು (ಯಾರೂ ಮಲಗಲ್ಲ), ಆಟ, ಸಂಜೆ ಕೂಟ, ನಾಟಕ, ಹತ್ತಕ್ಕೆ ದೀಪ ಆರಿಸೋದು. ಗುಂಪುಗಳಿಗೆ ಬೆಥ್ಲೆಹೇಮ್, ನಜರೇತ್, ಕಪೆರ್ನೌಮ್, ಬೇಥಾನ್ಯ ಅಂತ ಬೈಬಲ್ಲಿನ ಊರುಗಳ ಹೆಸರು. ಚಿಕ್ಕವನು ಕಪೆರ್ನೌಮ್. ಕ್ಯಾಂಪ್ ಮುಗಿಯೋವರೆಗೂ ಅದನ್ನು ಸರಿಯಾಗಿ ಹೇಳೋಕೆ ಬರಲಿಲ್ಲ. ಕಪ್ಪೆನೂಮು ಅಂತಲೇ ಘೋಷಣೆ ಕೂಗಿದ, ಅವನ ಗುಂಪಿನವರೆಲ್ಲ ಹಾಗೇ ಕೂಗಿದರು.

ನನಗೆ ಅಡುಗೆ ಮನೆಯೇ ಕ್ಯಾಂಪು. ಅಲ್ಲಿಂದ ನೋಡಿದ್ದನ್ನೇ ಹೇಳುತ್ತೇನೆ. ಊಟಕ್ಕೆ ಒಂದು ನಿಯಮ ಇತ್ತು. ಬಡಿಸೋದು ಮಕ್ಕಳ ಪಾಳಿ. ಇವತ್ತು ನಜರೇತಿನವರು ಬಡಿಸಿದರೆ, ಉಳಿದ ಗುಂಪಿನವರೆಲ್ಲ ಉಂಡೆದ್ದ ಮೇಲೆ ಅವರ ಊಟ. ತಮ್ಮ ತಟ್ಟೆ ತಾವೇ ತೊಳೀಬೇಕು, ಲೀಡರುಗಳೂ, ಅಯ್ಯನವರೂ (ನಮ್ಮ ಪಾಸ್ಟರು). ಪಾಳಿಯ ಗುಂಪು ಅಡುಗೆ ಪಾತ್ರೆ ತೊಳೆಯೋಕೂ ಕೈ ಹಾಕಬೇಕು. ಮೊದಲನೇ ಮಧ್ಯಾಹ್ನ ಮುದ್ದೆ, ಬಸ್ಸಾರು. ಬಡಿಸೋ ಪಾಳಿ ನನ್ನ ಮಗಳ ಗುಂಪಿಗೆ ಬಂತು. ಮನೆಯಲ್ಲಿ ಲೋಟ ಎತ್ತಿಡಲ್ಲ ಅವಳು. ಸಾರಿನ ಬಕೆಟ್ಟು ಹಿಡಿದು ಸಾಲಿನಲ್ಲಿ ಬಗ್ಗಿ ಬಗ್ಗಿ ಬರುತ್ತಿದ್ದಳು. ಒಬ್ಬ ಸಣ್ಣ ಹುಡುಗ, ಮೈಸೂರಿನವನಿರಬೇಕು, ಮುದ್ದೆ ಮುಟ್ಟದೆ ಕೂತಿದ್ದ. ಇವಳು ಬಕೆಟ್ಟು ಕೆಳಗಿಟ್ಟು, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ತುತ್ತು ಮುರಿದು, ಸಾರಿಗೆ ಅದ್ದಿ, 'ಅಗೀಬಾರ್ದು, ನುಂಗ್ಬೇಕು, ಹಿಂಗೆ' ಅಂತ ತೋರಿಸಿದಳು. ಅವನು ನುಂಗಿದ. ಕಣ್ಣಲ್ಲಿ ನೀರು ಬಂತು ಅವನಿಗೆ, ಖಾರಕ್ಕೆ. ಇವಳು ಓಡಿ ಬಂದು ಮಜ್ಜಿಗೆ ತಗೊಂಡು ಹೋದಳು. ನನ್ನನ್ನು ನೋಡಲೂ ಇಲ್ಲ. ಪಾಳಿ ಮುಗಿದು ಅವಳು ಊಟಕ್ಕೆ ಕೂರುವಾಗ ಸಾರು ತಳ ಹತ್ತಿತ್ತು. ಒಂದು ಮಾತೂ ಆಡದೆ ಉಂಡಳು. ಮನೆಯಲ್ಲಾಗಿದ್ದರೆ ರಾಮಾಯಣ.

ಒಂದು ಮಧ್ಯಾಹ್ನ ಎಲ್ಲರನ್ನೂ ಶ್ರೀರಂಗಪಟ್ಟಣದ ಗಂಜಾಮಿಗೆ ಕರೆದುಕೊಂಡು ಹೋದರು. ಅಲ್ಲಿ ಅಬ್ಬೆ ದುಬಾಯ್ ಅನ್ನೋ ಪಾದ್ರಿ ಕಟ್ಟಿಸಿದ ಹಳೆ ಚರ್ಚಿದೆ. ನಾವು ಸಿ.ಎಸ್.ಐ.ನವರು, ಅದು ಕ್ಯಾಥೊಲಿಕರದ್ದು, ಆದರೂ ನೋಡಲೇಬೇಕಾದ ಜಾಗ. ದುಬಾಯ್ ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಡೆ ಬಂದು, ಇಲ್ಲಿಯವರ ಹಾಗೇ ಉಟ್ಟು, ಇಲ್ಲಿಯವರ ಹಾಗೇ ಉಂಡು, 1823ರವರೆಗೂ ಇದ್ದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆಯುತ್ತಿದ್ದರು. ಸಿಡುಬು ಬಂದು ಜನ ಸಾಯುತ್ತಿದ್ದ ಕಾಲದಲ್ಲಿ ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದರು. ಲೀಡರ್ ಅಣ್ಣ ಇದನ್ನು ಹೇಳುವಾಗ ಚಿಕ್ಕವನು, 'ಅಣ್ಣ, ಸೂಜಿ ಹಾಕ್ಸೋಕೆ ಬಂದೋರಿಗೂ ಸ್ವಾಮಿ ಅಂತಾರಾ?' ಅಂತ ಕೇಳಿದ. ಎಲ್ಲರೂ ನಕ್ಕರು. ಅಣ್ಣ ನಗದೆ, 'ಹೂಂ ಮರಿ, ಅದಕ್ಕೇ ಅಂದಿದ್ದು' ಅಂದರು.

ಅಲ್ಲಿಂದ ಸಂಗಮ. ಕಾವೇರಿಯ ಎರಡು ಕವಲು ಮತ್ತೆ ಒಂದಾಗುವ ಜಾಗ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಕಾಣ್ತವೆ, ಸುಮ್ಮನಿರೋ ಹಾಗೆ ಕಾಣುತ್ತೆ, ಆದರೆ ಮಡು ಎಲ್ಲಿದೆ ಅಂತ ಗೊತ್ತಾಗಲ್ಲ. ಯಾರೂ ನೀರಿಗೆ ಇಳಿಯೋ ಹಾಗಿಲ್ಲ ಅಂತ ಹಗ್ಗ ಕಟ್ಟಿ ಇಬ್ಬರು ಗಂಡಸರು ನಿಂತಿದ್ದರು. ದಡದಲ್ಲಿ ಸ್ವಲ್ಪ ಮರಳಿದ್ದ ಕಡೆ ಮಕ್ಕಳನ್ನು ಕೂರಿಸಿ ಒಂದು ಕಥೆ ಹೇಳಿದರು. 1868ರಲ್ಲಿ ವೇಲ್ಸಿನ ಲ್ಯಾಂಡಡ್ನೋ ಅನ್ನೋ ಊರಿನ ಕಡಲ ತೀರದಲ್ಲಿ ಜೋಸಾಯ ಸ್ಪಯರ್ಸ್ ಅನ್ನೋರು ಮರಳಿನ ಮೇಲೆ 'ದೇವರು ಪ್ರೀತಿಸ್ವರೂಪಿ' ಅಂತ ದೊಡ್ಡದಾಗಿ ಬರೆದು, ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದು ಕಪ್ಪೆಚಿಪ್ಪು, ಕಲ್ಲಿನಿಂದ ಅಲಂಕಾರ ಮಾಡಿ ಅಂದರಂತೆ. ರಜೆಯಲ್ಲಿ ಮಕ್ಕಳಿಗೆ ಬೈಬಲ್ ಹೇಳೋ ಕೂಟಗಳು ಬೆಳೆದಿದ್ದು ಇಂಥ ಕಡೆಯಿಂದಲೇ. ಇನ್ನೊಂದು ಕಥೆಯೂ ಹೇಳಿದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಅನ್ನೋ ಹೆಂಗಸು, ಬಿಸಿಲಲ್ಲಿ ಬೀದಿ ಅಲೆಯೋ ಮಕ್ಕಳನ್ನು ಕೂರಿಸೋಕೆ ಬೇರೆ ಜಾಗ ಸಿಗದೆ ಒಂದು ಬಿಯರ್ ಹಾಲನ್ನೇ ಬಾಡಿಗೆಗೆ ಹಿಡಿದು ಬೈಬಲ್ ಶಾಲೆ ನಡೆಸಿದರಂತೆ. ಇದನ್ನು ಆಮೇಲೆ ನಮ್ಮನೆಯವರಿಗೆ ಹೇಳಿದೆ. 'ಅಂಥಾ ಕ್ಯಾಂಪಾದ್ರೆ ಮಂಡ್ಯದಿಂದ ಎರಡು ಬಸ್ ಹೊರಡುತ್ತೆ' ಅಂದರು. ಅತ್ತೆ ಕೇಳಿಸಿಕೊಂಡು ಬೈದರು.

ನಮ್ಮ ಮಕ್ಕಳೂ ಮರಳಿನಲ್ಲಿ ಬರೆದರು. ಕಪ್ಪೆಚಿಪ್ಪು ಎಲ್ಲಿಂದ ಬರಬೇಕು? ಕಲ್ಲು, ಒಣಗಿದ ಎಲೆ, ಯಾರೋ ಎಸೆದಿದ್ದ ಬಾಟಲಿ ಮುಚ್ಚಳ. ಹಾಡು ಜೋರಾಯಿತು. ಆಗ ಸ್ವಲ್ಪ ದೂರದಲ್ಲಿ ಒಂದು ಕುಟುಂಬ ಅಸ್ಥಿ ಬಿಡಲು ಬಂದು ನಿಂತಿತು. ತಲೆ ಬೋಳಿಸಿಕೊಂಡ ಒಬ್ಬ ಹುಡುಗ, ಇಪ್ಪತ್ತು ಇರಬಹುದು, ಮಡಕೆ ಹಿಡಿದಿದ್ದ. ಲೀಡರ್ ಅಕ್ಕ ಒಬ್ಬರು ಕೈ ಎತ್ತಿದರು, ಹಾಡು ನಿಂತಿತು. ಅವರ ಕೆಲಸ ಮುಗಿಯೋವರೆಗೂ ನಾವು ಮಾತಾಡೋದು ಬೇಡ ಅಂದರು. ಅಷ್ಟು ಮಕ್ಕಳು, ಅಷ್ಟು ಹೊತ್ತು, ಸದ್ದಿಲ್ಲದೆ ಕೂತಿದ್ದರು. ಹೋಗುವಾಗ ಆ ಕುಟುಂಬದ ಒಬ್ಬ ಅಜ್ಜಿ ನಮ್ಮ ಕಡೆ ತಿರುಗಿ ಕೈ ಮುಗಿದರು. ಆ ವಾರದ ಪಾಠಗಳಲ್ಲೆಲ್ಲ ನನಗೆ ಇದೇ ದೊಡ್ಡದು ಅನ್ನಿಸಿತು. ವೇಳಾಪಟ್ಟಿಯಲ್ಲಿ ಇರಲಿಲ್ಲ ಅದು.

ಇನ್ನು ಕ್ಯಾಂಪ್ ಫೈರ್. ಇದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ರಾತ್ರಿ, ಬೆಂಕಿ, ಗಿಟಾರು, ನಿಧಾನದ ಹಾಡು, ಬಳಲಿದ ಮಕ್ಕಳು. ಆಗ ಯಾರು ಯೇಸುವಿಗೆ ಜೀವನ ಕೊಡ್ತೀರಿ, ಎದ್ದು ನಿಲ್ಲಿ ಅಂದರೆ ಯಾರು ಕೂತಿರ್ತಾರೆ ಹೇಳಿ? ಅರ್ಧ ಜನ ಅಳುತ್ತಿದ್ದರು. ಒಬ್ಬಳು ಅತ್ತಳು ಅಂತ ಪಕ್ಕದವಳು ಅತ್ತಳು. ನಂಬಿಕೆ ಹುಟ್ಟೋದೇ ಇಲ್ಲ ಅಲ್ಲಿ ಅಂತ ನಾನು ಹೇಳಲ್ಲ. ನಮ್ಮ ತಮ್ಮ ಅಂಥದ್ದೇ ಒಂದು ರಾತ್ರಿಯಿಂದ ಕುಡಿತ ಬಿಟ್ಟವನು, ಇವತ್ತಿಗೂ ಮುಟ್ಟಿಲ್ಲ. ಆದರೆ ಹದಿಮೂರರ ಹುಡುಗಿ ನಿದ್ದೆಗಣ್ಣಲ್ಲಿ ಎದ್ದು ನಿಂತಿದ್ದನ್ನು ಎಣಿಸಿ, ಇಷ್ಟು ಜನ ತೀರ್ಮಾನ ಮಾಡಿದರು ಅಂತ ವರದಿ ಬರೆಯೋದು ನನಗೆ ಸೇರಲ್ಲ. ಮಗಳು ಎದ್ದು ನಿಲ್ಲಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ.

ಕೊನೆಯ ದಿನ ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ನಮ್ಮನೆಯವರು ನೈಟ್ ಶಿಫ್ಟ್ ಮುಗಿಸಿ ನೇರ ಬಂದರು, ಕಣ್ಣು ಕೆಂಪಗೆ. ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಮಾತಾಡಿದರು. ಉದ್ದದ ಪ್ರಸಂಗ ಏನಲ್ಲ. ಬೈಬಲ್ಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತೆಗೆಸಿದರು. ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕು ಅಂತ ಅಲ್ಲಿದೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. 'ಈ ನಾಲ್ಕರಲ್ಲಿ ದೇವಾಲಯ ಎಲ್ಲಿದೆ ತೋರಿಸಿ' ಅಂದರು. ನಾವೆಲ್ಲ ಪುಟ ನೋಡಿದ್ದೇ ನೋಡಿದ್ದು. ಆಮೇಲೆ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ. ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು ಅನ್ನೋದು 20ನೇ ವಚನ, ಅದು ಎಲ್ಲರಿಗೂ ಬಾಯಿಪಾಠ. ಅದರ ಕೆಳಗಿನದು, ತಂದೆಗಳು ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬಾರದು ಅನ್ನೋ 21ನೇದು, ಎಷ್ಟು ಜನಕ್ಕೆ ಬರುತ್ತೆ ಅಂತ ಕೇಳಿದರು. ಒಂದು ಕೈಯೂ ಏಳಲಿಲ್ಲ.

ಆಮೇಲೆ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಹಿಂದಿನ ದಿನ ಮಕ್ಕಳ ಕೈಲಿ ಚೀಟಿ ಬರೆಸಿದ್ದರಂತೆ. 'ನಮ್ಮ ಮನೆಯವರಿಗೆ ಹೇಳಬೇಕಾದ ಒಂದು ಮಾತು'. ಹೆಸರು ಬರೆಯೋ ಹಾಗಿಲ್ಲ. ಅಕ್ಷರ ಗುರುತು ಸಿಗಬಾರದು ಅಂತ ಮೇಷ್ಟ್ರೇ ಓದಿದರು. ಮೊದಲು ನಗು ಬರೋವು ಬಂದವು. 'ಕೋಳಿ ಸಾರು ಮಾಡಿದ ದಿನ ಪ್ರಾರ್ಥನೆ ಚಿಕ್ಕದಾಗಿರಲಿ.' 'ನಮ್ಮಮ್ಮ ಫೋನಲ್ಲಿ ವಾಕ್ಯ ಸ್ಟೇಟಸ್ ಹಾಕಿ ಆಮೇಲೆ ಬೈತಾರೆ.' ಎಲ್ಲ ಅಮ್ಮಂದಿರೂ ಪಕ್ಕದವರನ್ನು ನೋಡಿದರು. ನಾನೂ ನೋಡಿದೆ. ಆಮೇಲೆ ಒಂದು ಚೀಟಿ ಬಿಚ್ಚಿ, ಸ್ವಲ್ಪ ತಡೆದು ಓದಿದರು: 'ಅಪ್ಪ ಚರ್ಚಿನಲ್ಲಿ ಎಲ್ಲರ ಹತ್ರಾನೂ ನಗ್ತಾರೆ. ಮನೇಲಿ ನಗಲ್ಲ.'

ಒಬ್ಬ ಗಂಡಸೂ ತಲೆ ಎತ್ತಲಿಲ್ಲ. ಅಷ್ಟು ಅಪ್ಪಂದಿರಲ್ಲಿ ಪ್ರತಿಯೊಬ್ಬರಿಗೂ ಅದು ತನ್ನ ಮಗುವಿನದೇ ಅನ್ನಿಸಿರಬೇಕು.

ಟ್ರೈನಿನಲ್ಲಿ ಮಕ್ಕಳಿಬ್ಬರೂ ಸೀಟು ಸಿಕ್ಕ ಕೂಡಲೇ ಮಲಗಿದರು. ಪಾಂಡವಪುರ ದಾಟಿದ ಮೇಲೆ ನಮ್ಮನೆಯವರು ಮೆಲ್ಲಗೆ, 'ಅದು ನಮ್ಮೋಳು ಬರ್ದಿದ್ದಾ?' ಅಂದರು. ನನಗೇನು ಗೊತ್ತು ಅಂದೆ. ಇವತ್ತಿನವರೆಗೂ ಗೊತ್ತಿಲ್ಲ. ಅವರು ಮಗಳನ್ನು ಕೇಳಿಲ್ಲ, ನನ್ನ ಕೈಲೂ ಕೇಳಿಸಿಲ್ಲ. ಅದು ಒಳ್ಳೆಯದೇ ಆಯಿತು. ಅವಳದಲ್ಲ ಅಂತ ಗೊತ್ತಾಗಿದ್ದರೆ ಅಲ್ಲಿಗೆ ಮುಗೀತಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಕ್ಯಾಂಪು. ಮೇಷ್ಟ್ರು ಹೇಳಿದ್ದು ಕುಟುಂಬ ಪ್ರಾರ್ಥನೆ ಮಾಡಿ ಅಂತ. ನಾವು ಉತ್ಸಾಹದಲ್ಲಿ ದೊಡ್ಡದಾಗಿಯೇ ಹಾಕಿಕೊಂಡೆವು. ರಾತ್ರಿ ಎಂಟೂವರೆಗೆ ಚಾಪೆ ಹಾಸಿ, ಎರಡು ಹಾಡು, ಒಂದು ಅಧ್ಯಾಯ ಓದೋದು, ವಿವರಣೆ, ಎಲ್ಲರೂ ಒಬ್ಬೊಬ್ಬರಾಗಿ ಪ್ರಾರ್ಥನೆ. ಒಂದು ವಾರ ಎಳೆಯಿತು. ಇವರ ಶಿಫ್ಟು ಬದಲಾಯಿತು. ಎಂಟೂವರೆಗೆ ಅತ್ತೆಯ ಧಾರಾವಾಹಿ. ನನಗೆ ಅರ್ಜೆಂಟ್ ಬ್ಲೌಸು. ಚಿಕ್ಕವನು ಎರಡನೇ ಹಾಡಿಗೇ ನಿದ್ದೆ. ವಿವರಣೆ ಹೇಳೋದು ಇವರ ಕೆಲಸ ಅಂತ ಇತ್ತು. ಅದು ನಿಧಾನಕ್ಕೆ ಇಡೀ ದಿನದ ತಪ್ಪುಗಳ ಪಟ್ಟಿ ಓದೋ ಜಾಗ ಆಯಿತು. ಲೇವಿಯ ಕಾಂಡ ತೆಗೆದರೂ ಮಗಳ ಮಾರ್ಕ್ಸಿಗೇ ಬಂದು ನಿಲ್ಲುತ್ತಿತ್ತು. ಒಂದು ದಿನ ಅವಳು ಬೈಬಲ್ ಮುಚ್ಚಿ, 'ಅಪ್ಪ, ಇದು ಪ್ರಾರ್ಥನೆನಾ, ಪೇರೆಂಟ್ಸ್ ಮೀಟಿಂಗಾ?' ಅಂದಳು. ಬೇರೆ ದಿನ ಆಗಿದ್ದರೆ ಏಟು ಬೀಳುತ್ತಿತ್ತು. ಇವರು ಬಾಯಿ ತೆಗೆದು, ಮುಚ್ಚಿ, ಆಮೇಲೆ ನಕ್ಕುಬಿಟ್ಟರು. ಚೀಟಿ ನೆನಪಾಯಿತೋ ಏನೋ.

ಅವತ್ತಿನಿಂದ ಮಗಳೇ ಬದಲಾಯಿಸಿದಳು. ಚಾಪೆ ಬೇಡ, ಗಂಟೆ ಬೇಡ. ಎಲ್ಲರೂ ಸೇರಿ ಉಣ್ಣೋದು ಯಾವಾಗಲೋ ಆವಾಗ, ಅದು ಇವರ ಶಿಫ್ಟಿನ ಪ್ರಕಾರ ಮಧ್ಯಾಹ್ನ ಆದರೂ ಸರಿ. ಊಟ ಮುಗಿದು ತಟ್ಟೆ ಎತ್ತೋಕೆ ಮುಂಚೆ, ಕೈ ಒಣಗಿದ್ದರೂ ಪರವಾಗಿಲ್ಲ, ಒಬ್ಬರು ಏಳೆಂಟು ವಚನ ಓದೋದು. ವಿವರಣೆ ಇಲ್ಲ. ಪ್ರತಿಯೊಬ್ಬರೂ ಒಂದು ವಿಷಯ ಹೇಳೋದು, ಕೃತಜ್ಞತೆಯೋ, ಬೇಡಿಕೆಯೋ. ಅದನ್ನೇ ಒಬ್ಬರು ಪ್ರಾರ್ಥನೆ ಮಾಡಿ ಮುಗಿಸೋದು. ಚಿಕ್ಕವನು ಮೂರು ದಿನ ಸತತ ಆರ್‌ಸಿಬಿಗೆ ಪ್ರಾರ್ಥಿಸಿದ, ಬೇಡ ಅನ್ನಲಿಲ್ಲ ಯಾರೂ. ಅತ್ತೆ ಮಾತ್ರ ಒಂದು ವಿಷಯಕ್ಕೆ ನಿಲ್ಲಲ್ಲ. ಮಳವಳ್ಳಿ ನಾದಿನಿಯ ಮಂಡಿ ನೋವಿನಿಂದ ಹಿಡಿದು ಪಕ್ಕದ ಮನೆಯವರ ಹಸುವಿನವರೆಗೂ ಹೋಗುತ್ತಾರೆ. ಅವರ ಪ್ರಾರ್ಥನೆಯಿಂದಲೇ ನಮಗೆ ಊರಿನ ಸುದ್ದಿಯೆಲ್ಲ ಸಿಗೋದು.

ಪ್ರಾರ್ಥನೆಗಿಂತ ಜಗಳ ತಂದಿದ್ದು ತಟ್ಟೆ. ಕ್ಯಾಂಪಿನ ಹಾಗೆ ನಮ್ಮ ತಟ್ಟೆ ನಾವೇ ತೊಳೆಯೋಣ ಅಂತ ಮಕ್ಕಳೇ ಹೇಳಿದ್ದು. ಅವರು ತೊಳೆದರು. ಇವರೂ ತಮ್ಮ ತಟ್ಟೆ ಹಿಡಿದು ಸಿಂಕಿನ ಹತ್ತಿರ ಹೋದರು. ಅತ್ತೆ ಕೂತಲ್ಲಿಂದಲೇ, 'ಅದ್ಯಾಕ್ಲಾ, ಮನೇಲಿ ಹೆಂಗಸ್ರು ಇಲ್ವಾ? ದುಡುದು ಬಂದೋನು ತಟ್ಟೆ ತೊಳೀಬೇಕಾ?' ಅಂದರು. ಹೇಳಿದ್ದು ಮಗನಿಗೆ, ಬಿದ್ದಿದ್ದು ನನ್ನ ಮೇಲೆ. ನಾನು ಸುಮ್ಮನಿದ್ದೆ. ಮಗಳು ಸುಮ್ಮನಿರಲಿಲ್ಲ. 'ಅಜ್ಜಿ, ಯೇಸುಸ್ವಾಮಿ ಶಿಷ್ಯರ ಕಾಲೇ ತೊಳೆದ್ರು. ಅಪ್ಪ ತಟ್ಟೆ ತೊಳೆದ್ರೆ ಏನಾಗುತ್ತೆ?' ಅಂದಳು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ, ಕ್ಯಾಂಪಿನಲ್ಲಿ ನಾಟಕ ಆಡಿದ್ದರು ಅದನ್ನು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ತಮ್ಮ ತಟ್ಟೆ ತಾವೇ ತೊಳೆಯೋಕೆ ಎದ್ದರು. ಬೇಡ ಅತ್ತೆ, ನಿಮ್ಮದು ನಾನು ತೊಳೀತೀನಿ ಅಂದರೆ, 'ನಾನೇನ್ ಶಿಷ್ಯಳಲ್ವಾ?' ಅಂತ ತಿರುಗಿಸಿ ಕೊಟ್ಟರು.

ಭಾನುವಾರದ ವಿಷಯ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಭಾನುವಾರ ಅಂದ್ರೆ ಆರಾಧನೆ ಮುಗಿಸಿ ಬಂದ ಮೇಲೆ ಕೋಳಿ ಸಾರು, ಮುದ್ದೆ, ಅನ್ನ. ಅದಕ್ಕೆ ಮಸಾಲೆ ರುಬ್ಬಿ ಇಟ್ಟು, ಎಲ್ಲರ ಬಟ್ಟೆ ಇಸ್ತ್ರಿ ಮಾಡಿ, ತಿಂಡಿ ಕೊಟ್ಟು ಓಡುವಾಗ ಮೊದಲನೇ ಹಾಡು ಮುಗಿದಿರುತ್ತಿತ್ತು. ನಾನು ಪಾಪದ ಅರಿಕೆಯ ಹೊತ್ತಿಗೆ ಸರಿಯಾಗಿ ಒಳಗೆ ಹೋಗೋಳು, ಎಷ್ಟೋ ವರ್ಷದಿಂದ. ದೇವರ ದಿನ ಅಂತ ಎಲ್ಲರೂ ಹೇಳ್ತಾರೆ, ಹೆಂಗಸರಿಗೆ ಅದು ವಾರದಲ್ಲೇ ಕೆಲಸ ಜಾಸ್ತಿ ಇರೋ ದಿನ. ಪ್ರಸಂಗದಲ್ಲಿ ಇದನ್ನು ಯಾರೂ ಹೇಳಿದ್ದು ಕೇಳಿಲ್ಲ. ಕ್ಯಾಂಪಿನಲ್ಲಿ ಅಡುಗೆಯವರೂ ಆರಾಧನೆಗೆ ಕೂರಲಿ ಅಂತ ಒಂದು ಹೊತ್ತು ಬರೀ ಪುಳಿಯೋಗರೆ, ಮೊಸರನ್ನ ಇಟ್ಟಿದ್ದರು. ಅದನ್ನೇ ಮನೆಯಲ್ಲಿ ಹೇಳಿದೆ. ಕೋಳಿ ಶನಿವಾರ ರಾತ್ರಿಗೆ ಹೋಯಿತು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು, ಇಸ್ತ್ರಿ ಇವರದ್ದು. ಮೊದಲನೇ ಭಾನುವಾರ ನನ್ನ ಸೀರೆಯ ಅಂಚು ಸುಟ್ಟರು. ಹಳೆ ಸೀರೆ, ಹೋಗಲಿ.

ಇನ್ನೊಂದು ನಿಯಮ ಜಗಳದಿಂದಲೇ ಹುಟ್ಟಿದ್ದು. ಇವರ ತಮ್ಮನಿಗೆ ಕೊಟ್ಟ ದುಡ್ಡಿನ ವಿಷಯಕ್ಕೆ ನಮಗೂ ಇವರಿಗೂ ಜೋರಾಗಿ ಮಾತಾಯಿತು. ಮಗಳು ರೂಮಿನಿಂದ ಬಂದು ಎಫೆಸದವರಿಗೆ ಬರೆದ ಪತ್ರದ ಮಾತು, ಹೊತ್ತು ಮುಳುಗೋ ಮುಂಚೆ ಸಿಟ್ಟು ಬಿಡಬೇಕು ಅನ್ನೋದನ್ನು, ಕಂಠಪಾಠ ಸ್ಪರ್ಧೆ ತರ ಒಪ್ಪಿಸಿದಳು. ಇವರು ಅದನ್ನೇ ಹಿಡಿದು, 'ಕೇಳಿಸ್ಕೊ' ಅಂತ ನನಗೆ ಹೇಳಿದರು. ನಾನು ಇನ್ನೊಂದು ವಚನ ಹುಡುಕಿ ಇವರ ಮೇಲೆ ಎಸೆದೆ. ಅತ್ತೆ ಮೂರನೇದು. ಬೀದಿಯ ನಲ್ಲಿ ಹತ್ತಿರ ಕೊಡ ಹಿಡಿದು ಕಿತ್ತಾಡೋ ಹಾಗಿತ್ತು ನಮ್ಮ ಬೈಬಲ್ ಜ್ಞಾನ. ಅವತ್ತೇ ತೀರ್ಮಾನ ಆಯಿತು: ಈ ಮನೆಯಲ್ಲಿ ಯಾರೂ ಇನ್ನೊಬ್ಬರ ಮೇಲೆ ವಚನ ಹೇಳೋ ಹಾಗಿಲ್ಲ. ಬೇಕಾದರೆ ನಮಗೆ ನಾವೇ ಹೇಳಿಕೊಳ್ಳಬೇಕು. ದುಡ್ಡಿನ ಮಾತು ಹೊತ್ತು ಮುಳುಗೋದರೊಳಗೆ ಮುಗಿಯಲಿಲ್ಲ, ಮೂರು ವಾರ ಹಿಡಿಯಿತು. ಆದರೆ ಊಟಕ್ಕೆ ಒಟ್ಟಿಗೆ ಕೂರೋದು ಬಿಡಲಿಲ್ಲ. ಎದುರೆದುರು ಕೂತು ಒಬ್ಬರ ವಿಷಯ ಒಬ್ಬರು ಪ್ರಾರ್ಥನೆ ಮಾಡಬೇಕಾದರೆ ಸಿಟ್ಟು ಹಿಡಿದಿಟ್ಟುಕೊಳ್ಳೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಉಳಿಯದೇ ಹೋದದ್ದೂ ಬೇಕಾದಷ್ಟಿದೆ. ಬೆಳಗಿನ ಕ್ವಯಟ್ ಟೈಮ್ ಶಾಲೆ ಶುರುವಾದ ವಾರವೇ ನಿಂತಿತು. ಅಲ್ಲಿ ಮಾವಿನ ಮರ ಇತ್ತು, ಇಲ್ಲಿ ಟ್ಯೂಷನ್ ಇದೆ. ಚಿಕ್ಕವನು ಬಹುಮಾನ ತಗೊಂಡ ಕಂಠಪಾಠ ವಾಕ್ಯಗಳಲ್ಲಿ ಈಗ ಒಂದೂ ಪೂರ್ತಿ ಬರಲ್ಲ. ಮಗಳಿಗೆ ಪ್ರಶ್ನೆಗಳು ಜಾಸ್ತಿ ಆಗಿವೆ. 'ತಾತನಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ, ಯಾಕೆ ಹೋದ್ರು?' ಅಂತ ಒಂದು ರಾತ್ರಿ ತಟ್ಟೆ ಮುಂದೆ ಕೂತು ಕೇಳಿದಳು. ನನಗೆ ಉತ್ತರ ಇರಲಿಲ್ಲ, ಇವರಿಗೂ ಇರಲಿಲ್ಲ. ಭಾನುವಾರ ಅಯ್ಯನವರನ್ನು ಕೇಳಿದಳು. ಅವರು ತಮ್ಮ ತಂಗಿ ತೀರಿಕೊಂಡ ಕಥೆ ಹೇಳಿದರಂತೆ, ಉತ್ತರ ಕೊಡಲಿಲ್ಲವಂತೆ. 'ಅವರು ಸುಳ್ಳು ಹೇಳ್ಲಿಲ್ಲ ಅಮ್ಮ' ಅಂದಳು ಬಂದು. ಕ್ಯಾಂಪಿನಲ್ಲಿ ಎದ್ದು ನಿಲ್ಲದವಳು ಈಗ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಹೇಳೋಕೆ ಹೋಗುತ್ತಾಳೆ.

ಈ ವರ್ಷದ ಫಾರಮ್ ಬಂದಿದೆ. ಮಗಳು ಸಹಾಯಕಿ ಅಂತ ಹೆಸರು ಕೊಟ್ಟಿದ್ದಾಳೆ. ಚಿಕ್ಕವನಿಗೆ ಮತ್ತೆ ಕಪ್ಪೆನೂಮೇ ಬೇಕಂತೆ. ಇವರು ರಜೆ ಹಾಕಿ ತರಕಾರಿ ಹೆಚ್ಚೋಕೆ ಬರ್ತೀನಿ ಅಂದಿದ್ದಾರೆ, ಈರುಳ್ಳಿ ಬಿಟ್ಟು. ನೀವು ಕಳಿಸೋದಾದರೆ ಸ್ಟೀಲ್ ತಟ್ಟೆ ಲೋಟದ ಮೇಲೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ ಕಳಿಸಿ. ಹೋದ ವರ್ಷ ನಮ್ಮನೆ ತಟ್ಟೆ ಯಾರ ಮನೆಗೋ ಹೋಗಿದೆ, ನಮಗೆ ಬಂದಿರೋದರ ಮೇಲೆ ಯಾರದೋ ಮದುವೆ ತಾರೀಖು ಇದೆ. ನಿಮ್ಮದಾದರೆ ಭಾನುವಾರ ಹೇಳಿ, ತಂದುಕೊಡ್ತೀನಿ.